ಟ್ಯೋಸ್ ಕನ್ಯಾಮಠದ ಲೇಖನಿ: ಹೈನ್ರಿಚ್ ಸೂಸೊ ಮತ್ತು ಎಲ್ಸ್‌ಬೆತ್ ಸ್ಟಾಗೆಲ್

ಮಧ್ಯಯುಗದ ಉತ್ತರಾರ್ಧದ ಯುರೋಪಿನಲ್ಲಿ ಕ್ರೈಸ್ತ ಭಿಕ್ಷುಗಳಿಗೂ ಕನ್ಯಾಸ್ತ್ರೀಯರಿಗೂ ಇದ್ದ ಸಂಬಂಧವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸುವ ರೂಢಿಯಿದೆ. ಒಂದು, ಬೋಧಿಸುವ ಗುರು ಹಾಗೂ ಆಲಿಸುವ ಶಿಷ್ಯೆಯ ಚಿತ್ರ. ಮತ್ತೊಂದು, ಅಂದಿನ ವಿಡಂಬನಕಾರರಿಗೆ ಪ್ರಿಯವಾಗಿದ್ದ ಅಪವಾದದ ಕಥೆ. ಬರಹದ ಇತಿಹಾಸವನ್ನು ಶೋಧಿಸುವವರಿಗೆ ಇವೆರಡೂ ಸಾಲವು. 14ನೆಯ ಶತಮಾನದ ಡೊಮಿನಿಕನ್ ಭಿಕ್ಷು ಹೈನ್ರಿಚ್ ಸೂಸೊ ಹಾಗೂ ಟ್ಯೋಸ್ ಕನ್ಯಾಮಠದ ಎಲ್ಸ್‌ಬೆತ್ ಸ್ಟಾಗೆಲ್ ಇವರ ಪ್ರಸಂಗದಲ್ಲಿ ಗುರುವಿನ ಚರಿತ್ರೆಯೇ ಶಿಷ್ಯೆಯ ಲೇಖನಿಯಿಂದ ಮೊದಲಾಯಿತೆಂದು ಆ ಚರಿತ್ರೆಯೇ ಹೇಳುತ್ತದೆ.

ಈ ಸಂಬಂಧದ ಹಿನ್ನೆಲೆಯನ್ನು ಮೊದಲು ಅರಿಯಬೇಕು. ಡೊಮಿನಿಕನ್ ಭಿಕ್ಷುಗಳು ಊರೂರು ತಿರುಗಿ ಉಪದೇಶಿಸುವವರು. ಅಧ್ಯಯನವೇ ಅವರ ಮುಖ್ಯ ಸಾಧನ. ಕನ್ಯಾಸ್ತ್ರೀಯರಿಗಾದರೋ ಪಾಪನಿವೇದನೆಗೂ ಬಲಿಪೂಜೆಗೂ ಪುರುಷ ಗುರುವೊಬ್ಬನು ಬೇಕೇಬೇಕು. ಈ ಹೊಣೆಯನ್ನು ಭಿಕ್ಷುಗಳು ಸಂತೋಷದಿಂದೇನೂ ಹೊರಲಿಲ್ಲ. 1228ರಲ್ಲಿ ಸೇರಿದ ಅವರ ಮಹಾಸಭೆಯು ಕನ್ಯಾಮಠಗಳ ಪಾಲನೆಯನ್ನು ಹೊಸದಾಗಿ ವಹಿಸಿಕೊಳ್ಳಬಾರದೆಂದು ನಿಷೇಧಿಸಿತು. ಕನ್ಯಾಮಠಗಳು ಸುಮ್ಮನಾಗದೆ ರೋಮಿನ ಮೊರೆಹೊಕ್ಕವು. ದಶಕಗಳ ಜಗ್ಗಾಟದ ಬಳಿಕ, 1267ರಲ್ಲಿ ಪೋಪ್ ನಾಲ್ಕನೆಯ ಕ್ಲೆಮೆಂಟ್ ಆ ಹೊಣೆಯನ್ನು ಡೊಮಿನಿಕನ್ನರ ಮೇಲೆಯೇ ಹೊರಿಸಿದನು. 1298ರಲ್ಲಿ ಪೋಪ್ ಎಂಟನೆಯ ಬೊನಿಫೇಸ್ ಎಲ್ಲ ಕನ್ಯಾಸ್ತ್ರೀಯರೂ ಮಠದ ಗೋಡೆಗಳೊಳಗೇ ಇರತಕ್ಕದ್ದೆಂದು ಶಾಸನ ವಿಧಿಸಿದನು. ಒಬ್ಬರು ಸಂಚಾರಿಗಳು, ಇನ್ನೊಬ್ಬರು ಹೊರಬರಲಾಗದವರು. ಇವರ ನಡುವೆ ಪತ್ರಕ್ಕೆ ಅಷ್ಟೊಂದು ಬೆಲೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಪತ್ರಗಳೆಲ್ಲ ಉಳಿಯಲಿಲ್ಲ. 13ನೆಯ ಶತಮಾನದಲ್ಲಿ ಸ್ಯಾಕ್ಸನಿಯ ಜೋರ್ಡಾನನು ಬೊಲೋನ್ಯದ ಡಯಾನಾ ದಾಂದಲೋ ಮತ್ತು ಅವಳ ಮಠದ ಸೋದರಿಯರಿಗೆ ಬರೆದ ಸುಮಾರು 50 ಪತ್ರಗಳು ದೊರೆತಿವೆ. ಡಯಾನಾ ಅವನಿಗೆ ಬರೆದುದು ಒಂದೂ ದೊರೆತಿಲ್ಲ. ಗಂಡಿನ ಪತ್ರವನ್ನು ಕನ್ಯಾಮಠವು ಜೋಪಾನ ಮಾಡಿತು, ಹೆಣ್ಣಿನ ಪತ್ರವನ್ನು ಯಾರೂ ಮಾಡಲಿಲ್ಲ.

ಸೂಸೊ ಕಾನ್‌ಸ್ಟನ್ಸ್ ಮಠದ ಭಿಕ್ಷು. ಮೈಸ್ಟರ್ ಎಕ್‌ಹಾರ್ಟನ ಶಿಷ್ಯ. 1366ರಲ್ಲಿ ಉಲ್ಮ್ ನಗರದಲ್ಲಿ ತೀರಿಕೊಂಡವನು. ಎಲ್ಸ್‌ಬೆತ್ ಜ್ಯೂರಿಕ್‌ನ ಮನೆತನದವಳು. ವಿಂಟರ್‌ಥೂರ್ ಬಳಿಯ ಟ್ಯೋಸ್‌ನಲ್ಲಿ ವ್ರತಸ್ಥಳಾಗಿದ್ದಳು. ಎಕ್‌ಹಾರ್ಟನ ಗಹನ ತತ್ತ್ವಗಳಲ್ಲಿ ಅವಳಿಗೆ ಆಸಕ್ತಿ. ಆ ಗುರುವಿನ ಕೆಲವು ವಾಕ್ಯಗಳನ್ನು 1329ರಲ್ಲಿ ಪೋಪ್ ಖಂಡಿಸಿದ್ದನೆಂಬುದನ್ನು ನೆನೆದರೆ, ಮೊದಲು ಸಾಧನೆಯ ಆರಂಭದ ಮೆಟ್ಟಿಲುಗಳನ್ನು ಹತ್ತೆಂದು ಸೂಸೊ ಅವಳಿಗೆ ಹೇಳಿದ್ದರಲ್ಲಿ ಎಚ್ಚರವೂ ಇದ್ದಿರಬೇಕು. ಅವಳು ಅವನಂತೆಯೇ ದೇಹದಂಡನೆಗೆ ತೊಡಗಿದಾಗ ಅದನ್ನೂ ಅವನು ನಿಲ್ಲಿಸಿದನು. ಸೂಸೊ ತನ್ನ ಎದೆಯ ಮೇಲೆ ಯೇಸುವಿನ ನಾಮಾಕ್ಷರಗಳನ್ನು ಕೊರೆದುಕೊಂಡಿದ್ದನಂತೆ. ಎಲ್ಸ್‌ಬೆತ್ ಅವೇ ಅಕ್ಷರಗಳನ್ನು ಬಟ್ಟೆಯ ತುಂಡುಗಳ ಮೇಲೆ ಕೆಂಪು ರೇಷ್ಮೆಯಿಂದ ಕಸೂತಿ ಮಾಡಿದಳು. ಸೂಸೊ ಅವನ್ನು ಎದೆಗೊತ್ತಿ ತನ್ನ ಶಿಷ್ಯವರ್ಗಕ್ಕೆ ಕಳುಹಿಸಿದನು. ಗಾಯವಿಲ್ಲದೆ ಅದೇ ಭಕ್ತಿಯು ಹಲವರ ಕೈಸೇರುವಂತೆ ಮಾಡಿದುದು ಅವಳ ಸೂಜಿ.

ಚರಿತ್ರೆಯ ಪೀಠಿಕೆಯು ಇನ್ನೂ ಕುತೂಹಲಕರವಾದುದು. ಅಲ್ಲಿ ಹೆಸರಿಸದ ಒಬ್ಬ ಸಾಧಕ ವ್ಯಕ್ತಿ, ಭಿಕ್ಷುವಿನ ಅನುಭವಗಳನ್ನು ಮಾತಿನ ನಡುವೆ ಕೇಳಿ ತಿಳಿದು, ಅವನಿಗೆ ಗೊತ್ತಾಗದಂತೆ ಬರೆದಿಡುತ್ತಾಳೆ. ಈ ‘ಆಧ್ಯಾತ್ಮಿಕ ಕಳವು’ ತಿಳಿದಾಗ ಅವನು ಗದರಿಸಿ, ಕೈಗೆ ಬಂದ ಹಾಳೆಗಳನ್ನೆಲ್ಲ ಸುಟ್ಟುಬಿಡುತ್ತಾನೆ. ಉಳಿದ ಭಾಗವನ್ನೂ ಸುಡಹೊರಟಾಗ ದೈವಸಂದೇಶವೊಂದು ತಡೆಯುತ್ತದೆ. ಮುಂದೆ ಗ್ರಂಥದ ಎರಡನೆಯ ಭಾಗದಲ್ಲಿ ಎಲ್ಸ್‌ಬೆತ್‌ಳ ಹೆಸರು ಸ್ಪಷ್ಟವಾಗಿ ಬರುತ್ತದೆ. ಅವಳು ಸುಮಾರು 1360ರಲ್ಲಿ ತೀರಿಕೊಂಡ ಮೇಲೆ ಸೂಸೊ ಕೆಲವು ಬೋಧನೆಗಳನ್ನು ಸೇರಿಸಿ, ತನ್ನ ಜರ್ಮನ್ ಕೃತಿಗಳ ಸಂಕಲನವಾದ ‘ಎಕ್ಸೆಂಪ್ಲಾರ್’ನಲ್ಲಿ ಇದನ್ನು ಮೊದಲಿಗಿರಿಸಿದನು.

ಈ ವೃತ್ತಾಂತವನ್ನು ಎಷ್ಟರಮಟ್ಟಿಗೆ ನಂಬಬಹುದು? ಚರಿತ್ರೆಯನ್ನು ಸೂಸೊನೇ ರಚಿಸಿದನು, ಕಳವಿನ ಕಥೆ ಆತ್ಮಪ್ರಶಂಸೆಯ ಆರೋಪವನ್ನು ತಪ್ಪಿಸುವ ಉಪಾಯವೆಂಬ ಅಭಿಪ್ರಾಯವಿದೆ. ಟ್ಯೋಸ್ ಸೋದರಿಯರ ಚರಿತ್ರೆಗಳ ಸಂಗ್ರಹ ಎಲ್ಸ್‌ಬೆತ್‌ಳದೆಂಬ ಬಹುಕಾಲದ ನಂಬಿಕೆಯನ್ನೂ ಕ್ಲಾಸ್ ಗ್ರುಬ್‌ಮ್ಯುಲ್ಲರ್ 1969ರಲ್ಲಿ ಪ್ರಶ್ನಿಸಿದರು. ಈ ಸಂಶಯಗಳು ಸಕಾರಣವಾದವು. ಆದರೂ ಉಪಾಯವೆಂದೇ ಇಟ್ಟುಕೊಂಡರೂ ಅದನ್ನು ನಂಬುವ ಓದುಗರಿರಬೇಕಷ್ಟೆ. ಕನ್ಯಾಸ್ತ್ರೀಯೊಬ್ಬಳು ಗುರುವನ್ನು ಪ್ರಶ್ನಿಸುವುದು, ನೆನಪಿಡುವುದು, ಬರೆಯುವುದು ಅಸಂಭವವೆನಿಸುವ ಸಮಾಜದಲ್ಲಿ ಈ ಪೀಠಿಕೆಯನ್ನು ಯಾರು ಒಪ್ಪುತ್ತಿದ್ದರು? ಹೆಣ್ಣಿನ ಕರ್ತೃತ್ವಕ್ಕೆ ಮಾತ್ರ ಕಟ್ಟುನಿಟ್ಟಿನ ಸಾಕ್ಷ್ಯ ಕೇಳಿ, ಗಂಡಿನದನ್ನು ಸಹಜವೆಂದು ಒಪ್ಪುವುದು ಸಂಶೋಧನೆಯ ನ್ಯಾಯವಲ್ಲ.

ಅಪವಾದದ ಭಯವೂ ಸುಳ್ಳಲ್ಲ. ಹೆಂಗಸೊಬ್ಬಳು ತನ್ನ ಮಗುವಿಗೆ ಸೂಸೊನೇ ತಂದೆಯೆಂದು ಆರೋಪಿಸಿದ್ದನ್ನೂ, ಅವನು ಆ ಕೂಸನ್ನೆತ್ತಿಕೊಂಡು ಅತ್ತಿದ್ದನ್ನೂ ಚರಿತ್ರೆ ಮರೆಮಾಚದೆ ಹೇಳುತ್ತದೆ. ಹೀಗಿದ್ದೂ ಅವನು ಕನ್ಯಾಸ್ತ್ರೀಯೊಬ್ಬಳೊಡನೆ ತನಗಿದ್ದ ಆಪ್ತತೆಯನ್ನು ಗ್ರಂಥಸ್ಥಗೊಳಿಸಿದನು.

ಪತ್ರಗಳ ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿ. ತಾನು ಬರೆದ ಪತ್ರಗಳನ್ನು ಆಧ್ಯಾತ್ಮಿಕ ಪುತ್ರಿಯೊಬ್ಬಳು ಒಟ್ಟುಗೂಡಿಸಿದ್ದಳೆಂದೂ, ಅದರಿಂದ ಕೆಲವನ್ನು ತಾನು ಆಯ್ದು ಸಂಕ್ಷೇಪಿಸಿದೆನೆಂದೂ ಸೂಸೊ ಹೇಳುತ್ತಾನೆ. ಅವನು ಆಯ್ದ ಕಿರುಸಂಗ್ರಹದಲ್ಲಿ 11 ಪತ್ರಗಳಿವೆ. ಅದರ ಹೊರಗೆ ಪ್ರತ್ಯೇಕವಾಗಿ ಉಳಿದುಬಂದ ದೊಡ್ಡ ಸಂಗ್ರಹದಲ್ಲಿ 28. ಸೂಸೊ ಕೈಬಿಟ್ಟ ಸಾಲುಗಳನ್ನು ಇಂದು ಓದಲು ಸಾಧ್ಯವಾಗಿರುವುದು ಆ ದೊಡ್ಡ ಸಂಗ್ರಹದಿಂದಲೇ.