ಬಿಟ್ಟ ಸ್ವರದಲ್ಲಿ ಹಾಡಿಗೆ ಎಡೆ

ಕಲಬುರಗಿ ನಗರದಲ್ಲಿರಲಿ, ಕಮಲಾಪುರದಲ್ಲಿರಲಿ, ಕೀಬೋರ್ಡ್ ಕಲಿಯುವ ಮಕ್ಕಳಿರುವ ಪಾಲಕರು ಒಂದು ಮಾತನ್ನು ಗಮನಿಸಬೇಕು. ಹತ್ತೂ ಬೆರಳುಗಳನ್ನು ಒತ್ತುವುದೇ ಪಾಂಡಿತ್ಯವಲ್ಲ. ಯಾವ ಸ್ವರವನ್ನು ಬಿಡಬೇಕೆಂದು ಅರಿಯುವುದೂ ವಿದ್ಯೆಯೇ.

ಈ ವಿದ್ಯೆಯನ್ನು ಜಾಝ್ ಪಿಯಾನೋ ವಾದಕರು ಚೆನ್ನಾಗಿ ಬಲ್ಲರು. ಅಮೆರಿಕದ ಬಿಲ್ ಇವಾನ್ಸ್ (1929–1980) ಎಡಗೈಯ ಕಾರ್ಡ್‌ಗಳಲ್ಲಿ ಮೂಲಸ್ವರವನ್ನೇ ಬಿಟ್ಟು, ಅದನ್ನು ಬಾಸ್ ವಾದಕನಿಗೆ ಒಪ್ಪಿಸುತ್ತಿದ್ದರು. ಹೀಗೆ ಕಾರ್ಡ್‌ನ ಸ್ವರಗಳನ್ನು ಆಯ್ದು ಜೋಡಿಸುವುದಕ್ಕೆ ವಾಯ್ಸಿಂಗ್ ಎನ್ನುತ್ತಾರೆ.

ನಮ್ಮ ಗಾನವೃಂದದಲ್ಲಿ ಬಾಸ್ ವಾದಕರಿಲ್ಲದಿದ್ದರೆ ಎಡಗೈಯೇ ಮೂಲಸ್ವರವನ್ನು ಹಿಡಿಯಲಿ. ಡಿ ಮೈನರ್‌ನಲ್ಲಿ ಎಡಗೈ ಕ್ರಮವಾಗಿ ಇ, ಎ, ಡಿ ಸ್ವರಗಳನ್ನು ನುಡಿಸಲಿ. ಬಲಗೈಗೆ ಮೂರೇ ಸ್ವರಗಳು ಸಾಕು: ಮೊದಲು ಜಿ, ಬಿ ಫ್ಲ್ಯಾಟ್, ಡಿ, ಅನಂತರ ಜಿ, ಬಿ ಫ್ಲ್ಯಾಟ್, ಸಿ ಶಾರ್ಪ್, ಕೊನೆಗೆ ಎಫ್, ಎ, ಡಿ. ಮೇಲಿನ ಸ್ವರವು ಅರ್ಧ ಮೆಟ್ಟಿಲು ಇಳಿದು ಮರಳಿ ಮನೆ ಸೇರುವುದನ್ನು ಕಿವಿಗೊಟ್ಟು ಆಲಿಸಬೇಕು. ಬೆರಳುಗಳಿಗೆ ಇದರಲ್ಲಿ ದೂರದ ಜಿಗಿತವಿಲ್ಲ.

ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದ ನಮಗೆ ಇದು ಅಪರಿಚಿತವೇನಲ್ಲ. ಡಿ ಸ್ವರವನ್ನು ಷಡ್ಜವೆಂದುಕೊಂಡರೆ ಸಿ ಶಾರ್ಪ್ ಶುದ್ಧ ನಿಷಾದ. ಕೋಮಲ ಗಾಂಧಾರ, ಕೋಮಲ ಧೈವತಗಳೊಡನೆ ಅದು ಕೀರವಾಣಿಯ ಸ್ವರಗಳನ್ನೇ ನೆನಪಿಸುತ್ತದೆ. ಆ ನಿಷಾದವಿಲ್ಲದಿದ್ದರೆ ಮೈನರ್ ಗೀತೆಯ ಕೊನೆಗೆ ಮನೆ ಸೇರುವ ಸೆಳೆತವೇ ಕುಂದುತ್ತದೆ.

ಡಿ ಬಳಿಕ ಜಿ, ಸಿ, ಎಫ್ ಎಂದು ಮುಂದುವರಿಯುತ್ತ, ವಾರಕ್ಕೊಂದು ಶ್ರೇಣಿಯಂತೆ ಸಾಧನೆ ಮಾಡಿದರೆ 12 ವಾರಗಳಲ್ಲಿ 12 ಮೈನರ್ ಶ್ರೇಣಿಗಳೂ ಕೈವಶವಾಗುತ್ತವೆ. ಯಂತ್ರದ ತಾಳವನ್ನು ನಿಲ್ಲಿಸಿ, ನಿಧಾನವಾಗಿ, ಮೇಲಿನ ಸ್ವರವನ್ನು ಬಾಯಲ್ಲಿ ಹಾಡುತ್ತ ನುಡಿಸುವುದು ಒಳಿತು.

ಇದು ಕೇವಲ ಬೆರಳುಗಳ ಕಸರತ್ತಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಆರಾಧನೆಯಲ್ಲಿ ಜನರು ಸಕ್ರಿಯವಾಗಿ ಭಾಗವಹಿಸಬೇಕೆಂದು ಸಾರಿತು. ರೋಮನ್ ಪೂಜಾಗ್ರಂಥದ ನಿಯಮಾವಳಿಯಂತೆ ತಪಸ್ಸುಕಾಲದಲ್ಲಿ, ನಾಲ್ಕನೆಯ ಭಾನುವಾರ ಹಾಗೂ ಹಬ್ಬ, ಮಹೋತ್ಸವಗಳ ಹೊರತಾಗಿ, ವಾದ್ಯಗಳು ಹಾಡಿಗೆ ಆಧಾರವಾಗಿ ಮಾತ್ರ ನುಡಿಯತಕ್ಕದ್ದು. ಕಾರ್ಡ್‌ಗಳು ದಟ್ಟವಾದಷ್ಟೂ ಜನರ ದನಿ ಅಡಗುತ್ತದೆ. ಬರಬರುತ್ತ ಅವರು ಹಾಡುವುದನ್ನೇ ಬಿಟ್ಟು ಕೇಳುಗರಾಗಿಬಿಡುತ್ತಾರೆ.

ಆದ್ದರಿಂದ ಮಕ್ಕಳ ಸಾಧನೆಯನ್ನು ಅಳೆಯಲು ಪಾಲಕರಿಗೆ ಸಂಗೀತಶಾಸ್ತ್ರ ತಿಳಿದಿರಬೇಕೆಂದೇನೂ ಇಲ್ಲ. ಮಕ್ಕಳು ನುಡಿಸುವಾಗ ಹಿಂದಿನ ಸಾಲಿನ ಅಜ್ಜಿಯ ದನಿ ಕೇಳಿಸುತ್ತಿದೆಯೇ ಎಂದು ನೋಡಿದರೆ ಸಾಕು.