ರಾತ್ರಿ ಹೊತ್ತು ಕಾಲು ಸುಮ್ಮನಿರದಿದ್ದರೆ

ಹಗಲೆಲ್ಲ ಕಚೇರಿಯಲ್ಲಿ ಕುಳಿತೋ, ಗೇಟಿನ ಕಾವಲಿಗೆ ನಿಂತೋ ದುಡಿದು, ವಿಮಾನ ನಗರದ ಬಾಡಿಗೆ ಕೋಣೆಯಲ್ಲಿ ಮೈ ಚಾಚಿರುತ್ತೇವೆ. ದೀಪ ಆರಿದೊಡನೆ ಮೀನಖಂಡದೊಳಗೆ ಇರುವೆ ಹರಿದಂತೆ, ನರ ಎಳೆದಂತೆ ಏನೋ ಕಳವಳ. ಕಾಲು ಜಾಡಿಸಿದರೆ ಹಿತ. ಸುಮ್ಮನಿಟ್ಟರೆ ಮತ್ತೆ ಅದೇ. ಎದ್ದು ನಾಲ್ಕು ಹೆಜ್ಜೆ ನಡೆದರೆ ಪಕ್ಕದ ಹಾಸಿಗೆಯವರ ಗೊಣಗಾಟ. ಹೀಗೆ ನಿದ್ರೆಗೆಟ್ಟು, ಮರುದಿನ ಕೆಲಸದಲ್ಲಿ ತಪ್ಪು ಮಾಡಿ ಬೈಸಿಕೊಳ್ಳುವವರು ನಮ್ಮಲ್ಲಿಯೂ ಇರಬಹುದು.

ಕುಳಿತಲ್ಲಿ ಸುಮ್ಮನೆ ಕಾಲು ಕುಣಿಸುವ ಚಾಳಿ ಬೇರೆ, ಇದು ಬೇರೆ. ಇದೊಂದು ಕಾಯಿಲೆ. ಇದರ ಗುರುತು ನಾಲ್ಕು: ಕಾಲು ಆಡಿಸಲೇಬೇಕೆಂಬ ತಹತಹ, ವಿಶ್ರಾಂತಿಯಲ್ಲಿ ಅದು ಹೆಚ್ಚುವುದು, ನಡೆದಾಡಿದರೆ ತಗ್ಗುವುದು, ಸಂಜೆ, ರಾತ್ರಿ ಬಲವಾಗುವುದು. 1945ರಲ್ಲಿ ಸ್ವೀಡನ್ ದೇಶದ ವೈದ್ಯ ಎಕ್‌ಬೋಮ್ ಇದನ್ನು ವಿವರವಾಗಿ ವರ್ಣಿಸಿ ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಕರೆದರು. ಚಡಪಡಿಸುವ ಕಾಲು ಎಂದರೆ ನಮಗೆ ಸಾಕು.

ಇದು ಎಷ್ಟು ಜನರಿಗುಂಟು? ನಮ್ಮ ಬೆಂಗಳೂರಿನಲ್ಲಿಯೇ ವಯಸ್ಕರನ್ನು ವಿಚಾರಿಸಿ ಮಾಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅದರಂತೆ ನೂರಕ್ಕೆ ಸುಮಾರು ಇಬ್ಬರಿಗೆ ಈ ತೊಂದರೆ. ಯುರೋಪು, ಅಮೆರಿಕಗಳಲ್ಲಿ ನೂರಕ್ಕೆ 5ರಿಂದ 10 ಎನ್ನುತ್ತಾರೆ. ಅಲ್ಲಿಯೂ ಬಾಧೆಪಡುವಷ್ಟು ತೀವ್ರವಾಗಿರುವುದು 2–3 ಮಂದಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯರಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ ಇನ್ನೂ ಹೆಚ್ಚು. ನೂರು ಜನ ಸೇರುವ ನಮ್ಮ ರಾಜ್ಯೋತ್ಸವದಲ್ಲಿಯೂ ಇಂಥ ಒಬ್ಬಿಬ್ಬರು ಇದ್ದಾರೆಂದೇ ತಿಳಿಯಬೇಕು.

ಕೆಲವರಿಗೆ ಇದು ವಂಶದಿಂದ ಬರುತ್ತದೆ. ಹಲವರಲ್ಲಿ ಮಾತ್ರ ಶರೀರದ ಕಬ್ಬಿಣದ ಕೊರತೆಯೇ ಇದನ್ನು ಕೆರಳಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 25 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಸರಿಯಿದ್ದರೂ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಆದ್ದರಿಂದ ವೈದ್ಯರಲ್ಲಿ ಹೋದಾಗ ಬರಿಯ ‘ಕಾಲುನೋವು’ ಎನ್ನದೆ ಮೇಲಿನ ನಾಲ್ಕು ಗುರುತುಗಳನ್ನೂ ಹೇಳಿ, ಫೆರಿಟಿನ್ ಪರೀಕ್ಷೆ ಬೇಕೇ ಎಂದು ಕೇಳಬೇಕು. ಖಾಸಗಿ ಖರ್ಚು ತಾಳದವರಿಗೆ ಸಸೂನ್ ಸರ್ಕಾರಿ ಆಸ್ಪತ್ರೆ ಉಂಟು. ಕಬ್ಬಿಣದ ಗುಳಿಗೆಯನ್ನು ತಾವಾಗಿ ನುಂಗಬಾರದು. ಅತಿಯಾದರೆ ಅದೂ ಕೆಡುಕೇ.

ಸಂಜೆಯ ಅಮೃತತುಲ್ಯ ಚಹಾ, ಬೀಡಿ ಸಿಗರೇಟು, ಮದ್ಯ ಇವನ್ನು ಬಿಟ್ಟು ನೋಡಿರಿ. ನೆಗಡಿಗೆ ಕೊಡುವ, ತೂಕಡಿಕೆ ತರುವ ಕೆಲವು ಮಾತ್ರೆಗಳೂ ಇದನ್ನು ಹೆಚ್ಚಿಸುತ್ತವೆ. ಮಲಗುವ ಮುನ್ನ ಮೀನಖಂಡವನ್ನು ತಿಕ್ಕಿ, ಬಿಸಿನೀರು ಹೊಯ್ದುಕೊಂಡರೆ ಹಲವರಿಗೆ ಹಿತ.

ಇನ್ನು, ಕೋಣೆಯ ಜೊತೆಗಾರ ನಡುರಾತ್ರಿ ಎದ್ದು ಓಡಾಡಿದರೆ ಗದರಬೇಡಿರಿ. ಈ ಪುಟವನ್ನು ಓದಿ ಹೇಳಿರಿ.