ಹೊರೆಕಾಣಿಕೆಯ ಜೀಪು, ಬಿಟ್‌ಕಾಯಿನ್ನಿನ ಲೆಕ್ಕ

ಸರಕಾರವೇ ಇಲ್ಲದ ತೆರಿಗೆ! ಕೊಡಲೇಬೇಕೆಂಬ ಕಾನೂನಿಲ್ಲ, ಕೊಡದಿದ್ದರೆ ನೋಟಿಸಿಲ್ಲ. ಆದರೂ ದುಡ್ಡು ಕೂಡುತ್ತದೆ, ಕೆಲಸ ನಡೆಯುತ್ತದೆ. ಡಿಜಿಟಲ್ ಹಣದ ಲೋಕ ಕನಸು ಕಾಣುತ್ತಿರುವ ಈ ಏರ್ಪಾಡು ಕಡಬ ತಾಲೂಕಿನ ಆಲಂಕಾರಿನಂಥ ಊರುಗಳಲ್ಲಿ ಜೀಪು ಹತ್ತಿಕೊಂಡು ಬರುತ್ತದೆ ಎಂದರೆ ನಂಬುತ್ತೀರಾ?

ದೇವಸ್ಥಾನದ ಬ್ರಹ್ಮಕಲಶೋತ್ಸವದ ಹೊತ್ತಿಗೆ ಈ ಸೀಮೆಗೆ ಬಂದು ನೋಡಿ. ಊರವರು ಒಪ್ಪಿಸುವ ಹಸಿರು ಹೊರೆಕಾಣಿಕೆಯ ಮೆರವಣಿಗೆಯಲ್ಲಿ ಪಿಕಪ್ಪು, ಆಟೋ, ಜೀಪುಗಳ ತುಂಬ ಸೀಯಾಳ, ಬಾಳೆಗೊನೆ, ಬಾಳೆಲೆಯ ಕಟ್ಟು, ಸೌತೆ, ಕುಂಬಳ, ಹಿಂಗಾರ, ಅಕ್ಕಿಯ ಗೋಣಿ. ಉಗ್ರಾಣದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಎರಡು ತೆಂಗಿನಕಾಯಿ ತಂದವರ ಹೆಸರೂ ಅದರಲ್ಲಿ ಸೇರುತ್ತದೆ, ಪಿಕಪ್ಪು ತುಂಬಿಸಿ ಕಳಿಸಿದವರದ್ದೂ ಸೇರುತ್ತದೆ. ಮಧ್ಯಾಹ್ನ ಊಟಕ್ಕೆ ಬಂದವರನ್ನು ‘ನೀವೆಷ್ಟು ಕೊಟ್ಟಿರಿ’ ಎಂದು ಕೇಳುವವರಿಲ್ಲ. ಈಗ ಆಮಂತ್ರಣ ಪತ್ರಿಕೆಯ ಮೂಲೆಯಲ್ಲೇ ಕ್ಯೂಆರ್ ಕೋಡ್. ಬೆಂಗಳೂರಿನಲ್ಲಿರುವ ಮಗನ ವಂತಿಗೆ ಕ್ಷಣದಲ್ಲಿ ಊರು ಮುಟ್ಟುತ್ತದೆ. 2016ರಲ್ಲಿ ಶುರುವಾದ ಯುಪಿಐಯ ಕೈಚಳಕವಿದು. ಆದರೆ ಅದರಲ್ಲಿ ಓಡುವುದು ರಿಸರ್ವ್ ಬ್ಯಾಂಕಿನ ರೂಪಾಯಿಯೇ.

ಸರಕಾರದ ಹಂಗೇ ಬೇಡವೆಂದು ಹುಟ್ಟಿದ್ದು ಬಿಟ್‌ಕಾಯಿನ್, 2009ರ ಜನವರಿ 3ರಂದು. ನನ್ನನ್ನು ಬೆರಗುಗೊಳಿಸಿದ್ದು ಅದರ ಬೆಲೆಯಲ್ಲ, ಶುಲ್ಕ! ಹಣ ಕಳಿಸುವವನೇ ಶುಲ್ಕವನ್ನು ಗೊತ್ತುಮಾಡುತ್ತಾನೆ. ಆರಂಭದಲ್ಲಿ ಎಷ್ಟೋ ಮಂದಿ ಏನೂ ಇಡದೆಯೇ ಕಳಿಸುತ್ತಿದ್ದರು. ಜಾಲವನ್ನು ಕಾಯುವ ಮೈನರ್‌ಗಳಿಗೆ ಸದ್ಯ ಹೊಸ ನಾಣ್ಯವೇ ಮುಖ್ಯ ಸಂಭಾವನೆ. ಅದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಒಟ್ಟು 2.1 ಕೋಟಿ ನಾಣ್ಯವೇ ಮಿತಿ. 2140ರ ಸುಮಾರಿಗೆ ಹೊಸ ನಾಣ್ಯ ನಿಂತೇಹೋಗುತ್ತದೆ. ಆಮೇಲೆ ಇಡೀ ಜಾಲ ಬದುಕಬೇಕಾದದ್ದು ಜನ ತಾವಾಗಿ ಇಡುವ ಶುಲ್ಕದ ಮೇಲೆ ಮಾತ್ರ! ಅಲ್ಲಿ ಹೆಚ್ಚು ಇಟ್ಟವನ ಹಣ ಮೊದಲು ದಾಟುತ್ತದೆ, ಕಮ್ಮಿ ಇಟ್ಟವನು ಕಾಯುತ್ತಾನೆ. ಹೊರೆಕಾಣಿಕೆಯ ಉಗ್ರಾಣದಲ್ಲಿ ಅಂಥ ಸರದಿಯಿಲ್ಲ. ಈ ಒಂದು ವಿಷಯದಲ್ಲಿ ನಮ್ಮೂರೇ ಮುಂದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೀಗೆ ನಾಲ್ಕು ಜನ ಸೇರಿ ದುಡ್ಡು ಕೂಡಿಸುವುದು ಈ ಮಣ್ಣಿಗೆ ಹೊಸತೇ? 1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರಿ ಸಂಘ ಕಟ್ಟಿದಾಗಲೂ ಬಂಡವಾಳ ಜನರ ಚಿಲ್ಲರೆ ದುಡ್ಡು ಮತ್ತು ಪರಸ್ಪರ ಭರವಸೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಯೋಜನೆ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿತು.

ಇನ್ನೊಂದು ಸೋಜಿಗ ಕೇಳಿ. ಬಿಟ್‌ಕಾಯಿನ್ನಿನ ಲೆಕ್ಕಪುಸ್ತಕದ ಪ್ರತಿ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿದೆ, ಯಾರು ಬೇಕಾದರೂ ತಾಳೆ ನೋಡಬಹುದು. ಇಲ್ಲಿ ಆ ಕೆಲಸವನ್ನು ಉತ್ಸವ ಮುಗಿದ ಮೇಲಿನ ಲೆಕ್ಕಪತ್ರ ಮಂಡನೆಯ ಸಭೆ ಮಾಡುತ್ತದೆ: ಜಮಾ ಎಷ್ಟು, ಖರ್ಚು ಎಷ್ಟು, ಉಳಿದದ್ದು ಎಷ್ಟು ಎಂದು ಮೈಕಿನಲ್ಲಿ ಓದುತ್ತಾರೆ, ಶಾಮಿಯಾನಕ್ಕೆ ಅಷ್ಟೊಂದು ಯಾಕಾಯಿತೆಂದು ನೂರು ರೂಪಾಯಿ ಕೊಟ್ಟವರೂ ಎದ್ದು ನಿಂತು ಕೇಳಬಹುದು.